ಹಂಗಾಮಿ ವಿಮಾನ, ಕಾಯಂ ಹೊಟ್ಟೆ

ರಸ್ತೆಯ ಮೇಲೆ ಓಡುವ ಬಸ್ಸಿಗೆ ಪರ್ಮಿಟ್ ಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ದಿನವೂ ಹೊತ್ತಿಗೆ ಸರಿಯಾಗಿ ಹೊರಡುವ ರೂಟ್ ಬಸ್ಸಿಗೊಂದು ಬಗೆಯ ಪರ್ಮಿಟ್, ಮದುವೆಯ ದಿಬ್ಬಣಕ್ಕೋ ಜಾತ್ರೆಗೋ ಗೊತ್ತುಮಾಡಿದ ಬಸ್ಸಿಗೆ ಇನ್ನೊಂದು ಬಗೆಯದು. ದಿಬ್ಬಣದ ಬಸ್ಸು ದಾರಿಯಲ್ಲಿ ಕೈಯೊಡ್ಡಿದವರನ್ನು ಹತ್ತಿಸಿಕೊಳ್ಳುವಂತಿಲ್ಲ. ಹತ್ತಿಸಿಕೊಂಡರೆ ರೂಟ್ ಬಸ್ಸಿನವನು ಸುಮ್ಮನಿರುವುದಿಲ್ಲ. ಆಕಾಶದಲ್ಲಿಯೂ ವ್ಯವಹಾರ ಇಷ್ಟೇ. ವರ್ಷವಿಡೀ ವೇಳಾಪಟ್ಟಿಯ ಪ್ರಕಾರ ಹಾರುವ ವಿಮಾನ ರೂಟ್ ಬಸ್ಸು. ಚಳಿಗಾಲಕ್ಕೋ ಬೇಸಿಗೆಗೋ ಮಾತ್ರ, ರಜೆಯ ಮಜಾ ಅನುಭವಿಸಲು ಹೊರಟವರನ್ನು ಒಂದೇ ಊರಿಗೆ ಕರೆದೊಯ್ದು, ಕರೆತರುವ ಚಾರ್ಟರ್ ವಿಮಾನ ದಿಬ್ಬಣದ ಬಸ್ಸು. ದಿಬ್ಬಣ ಮುಗಿದ ಮೇಲೆ ಬಸ್ಸು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಆದರೆ ಆ ಬಸ್ಸನ್ನೇ ನಂಬಿ ಚಪ್ಪರ ಹಾಕಿ, ಅಡುಗೆ ಮಾಡಿಸಿ ಕಾದು ಕುಳಿತವರ ಗತಿ ಬೇರೆ.

ಇಂಥ ಹಂಗಾಮಿನ ವಿಮಾನಗಳಿಗೆ ಸರ್ಕಾರ ಅನುಮತಿ ಕೊಟ್ಟಿತು, ಕೊಡಲಿಲ್ಲ, ತಡ ಮಾಡಿತು ಎಂಬ ಸುದ್ದಿ ಪ್ರತಿವರ್ಷವೂ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತದೆ. ವಿಮಾನ ಹತ್ತುವವರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಓದುಗರು ಪುಟ ತಿರುಗಿಸುತ್ತಾರೆ. ವಾಸ್ತವದಲ್ಲಿ ಆ ನಾಲ್ಕು ಸಾಲು ವಿಮಾನವನ್ನು ಜನ್ಮದಲ್ಲಿ ಹತ್ತದವರಿಗೇ ಹೆಚ್ಚು ಸಂಬಂಧಿಸಿದ್ದು. ಹೇಗೆಂಬುದನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು.

1944ರ ಡಿಸೆಂಬರ್ 7ರಂದು, ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದಾಗ, ಅಮೆರಿಕದ ಷಿಕಾಗೋ ನಗರದಲ್ಲಿ 52 ದೇಶಗಳ ಪ್ರತಿನಿಧಿಗಳು ಒಂದು ಒಪ್ಪಂದಕ್ಕೆ ರುಜು ಹಾಕಿದರು. ಅದರ ಮೊದಲನೆಯ ವಿಧಿಯೇ ಒಂದು ದೇಶದ ನೆಲದ ಮೇಲಿನ ಆಕಾಶ ಆ ದೇಶದ್ದೇ ಎಂದು ಹೇಳುತ್ತದೆ. ಆರನೆಯ ವಿಧಿಯ ಪ್ರಕಾರ ನಿಗದಿತ ವೇಳೆಯ ವಿಮಾನ ಸಂಚಾರಕ್ಕೆ ಆಯಾ ದೇಶದ ವಿಶೇಷ ಅನುಮತಿ ಬೇಕೇ ಬೇಕು. ಐದನೆಯ ವಿಧಿ ಮಾತ್ರ ನಿಗದಿಯಿಲ್ಲದ ವಿಮಾನಗಳ ವಿಷಯದಲ್ಲಿ ಸ್ವಲ್ಪ ಉದಾರ. ಅವು ಬಂದು ಹೋಗಬಹುದು, ಆದರೆ ಜನರನ್ನು ಹತ್ತಿಸಿ ಇಳಿಸುವುದಕ್ಕೆ ತನಗೆ ಸರಿಕಂಡ ಷರತ್ತುಗಳನ್ನು ಹಾಕುವ ಹಕ್ಕು ಆ ದೇಶಕ್ಕಿದೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ ಈ ಐದನೆಯ ವಿಧಿಯ ಸಂದಿನಿಂದಲೇ ಮುಂದೆ ಕೋಟ್ಯಂತರ ಜನರ ರಜಾ ಪ್ರವಾಸ ಹೊರಹೊಮ್ಮಿತು.

ಆ ಸಂದನ್ನು ಮೊದಲು ಕಂಡವರಲ್ಲಿ ಪ್ರಮುಖನಾದವನು ವ್ಲಾಡಿಮಿರ್ ರೈಟ್ಜ್. ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿ, ರಾಯ್ಟರ್ಸ್ ಸುದ್ದಿಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಈತ 1949ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿ ಎಂಬ ಕಡಲೂರಿಗೆ ರಜೆ ಕಳೆಯಲು ಹೋದ. ಬಿಸಿಲು, ಕಡಲು, ಹೊಟ್ಟೆ ತುಂಬ ಊಟ. ಇಂಗ್ಲೆಂಡಿನಲ್ಲಿ ಆಗ ಮಾಂಸಕ್ಕೆ ಇನ್ನೂ ರೇಷನ್. ಇಷ್ಟೆಲ್ಲ ಇರುವ ಊರಿಗೆ ಸಾಮಾನ್ಯ ಸಂಬಳದವರು ಯಾಕೆ ಬರುವುದಿಲ್ಲ ಎಂದು ಯೋಚಿಸಿದಾಗ ಅವನಿಗೆ ಹೊಳೆದ ಕಾರಣ ವಿಮಾನದ ದರ. ಒಂದು ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದು, ಎಲ್ಲ ಸೀಟುಗಳನ್ನೂ ತುಂಬಿಸಿದರೆ ತಲೆಗೆ ಬೀಳುವ ಖರ್ಚು ಎಷ್ಟೋ ಪಾಲು ಇಳಿಯುತ್ತದೆ ಎಂದು ಲೆಕ್ಕ ಹಾಕಿದ. ಅಜ್ಜಿಯಿಂದ ಬಂದ ಹಣವನ್ನು ಹೂಡಿ ಹೊರೈಜನ್ ಎಂಬ ಕಂಪನಿ ತೆರೆದ.

ವಿಮಾನ ಸಿಕ್ಕಿತು, ಜಾಗ ಸಿಕ್ಕಿತು. ಸಿಗದಿದ್ದದ್ದು ಸರ್ಕಾರದ ಅನುಮತಿ. ಬ್ರಿಟನ್ನಿನಿಂದ ಯುರೋಪಿಗೆ ಹಾರುವ ಅಧಿಕಾರ ಸರ್ಕಾರಿ ಒಡೆತನದ ಬ್ರಿಟಿಷ್ ಯುರೋಪಿಯನ್ ಏರ್‌ವೇಸ್ ಕೈಯಲ್ಲಿತ್ತು. ಅದಕ್ಕೆ ಪೆಟ್ಟು ಬೀಳಬಾರದೆಂದು ವಿಮಾನಯಾನ ಸಚಿವಾಲಯ ತಿಂಗಳುಗಟ್ಟಲೆ ಕಾಗದವನ್ನು ಹಿಡಿದಿಟ್ಟುಕೊಂಡಿತು. ಕೊನೆಗೆ 1950ರಲ್ಲಿ ಅನುಮತಿ ಕೊಟ್ಟಿತು, ಒಂದು ವಿಚಿತ್ರ ಷರತ್ತಿನೊಂದಿಗೆ: ವಿಮಾನದಲ್ಲಿ ವಿದ್ಯಾರ್ಥಿಗಳು ಮತ್ತು ಉಪಾಧ್ಯಾಯರು ಮಾತ್ರ ಹೋಗಬಹುದು! ಮೇಷ್ಟ್ರುಗಳು ಹೇಗಿದ್ದರೂ ಪೂರಾ ಟಿಕೆಟ್ ಕೊಂಡು ವಿಮಾನ ಹತ್ತುವವರಲ್ಲ, ಅವರು ಹೋದರೆ ಸರ್ಕಾರಿ ಕಂಪನಿಗೆ ನಷ್ಟವಿಲ್ಲ ಎಂಬುದು ಇದರ ಹಿಂದಿನ ತರ್ಕವಿದ್ದೀತು. ಆ ಮೇ ತಿಂಗಳಲ್ಲಿ ಹಳೆಯ ಡಕೋಟಾ ವಿಮಾನವೊಂದು ಕಾಲ್ವಿಗೆ ಹಾರಿತು. ವಿಮಾನ, ಡೇರೆಯಲ್ಲಿ ವಸತಿ, ಎರಡು ಹೊತ್ತು ಮಾಂಸದೂಟ, ಎಲ್ಲ ಸೇರಿ ಎರಡು ವಾರಕ್ಕೆ 32 ಪೌಂಡು 10 ಷಿಲಿಂಗು.

ಮುಂದಿನ ಕಥೆ ವೇಗವಾಗಿ ಓಡುತ್ತದೆ. ಷರತ್ತುಗಳು ಒಂದೊಂದಾಗಿ ಸಡಿಲವಾದವು, ಆದರೆ ಸುಲಭವಾಗಿ ಅಲ್ಲ. ಪ್ರವಾಸದ ಇಡೀ ಪ್ಯಾಕೇಜಿನ ಬೆಲೆ, ಅಂದರೆ ಹೋಟೆಲು ಊಟ ಎಲ್ಲ ಸೇರಿದ ಬೆಲೆ, ಅದೇ ಊರಿಗೆ ಹೋಗಿಬರುವ ರೂಟ್ ವಿಮಾನದ ಟಿಕೆಟ್ಟಿಗಿಂತ ಕಡಿಮೆ ಇರಕೂಡದು ಎಂಬ ನಿಯಮ ಬ್ರಿಟನ್ನಿನಲ್ಲಿ ಬಹುಕಾಲ ಜಾರಿಯಲ್ಲಿತ್ತು. 1970ರ ದಶಕದ ಆರಂಭದಲ್ಲಿ ಅದನ್ನು ಕೈಬಿಟ್ಟರು. ಅಷ್ಟು ಹೊತ್ತಿಗಾಗಲೇ ಸ್ಪೇನಿನ ಕಡಲ ತೀರದ ಬೆಸ್ತರ ಹಳ್ಳಿಗಳು ಕಾಂಕ್ರೀಟಿನ ಹೋಟೆಲು ಸಾಲುಗಳಾಗಿ ಬೆಳೆದಿದ್ದವು. ಬಲೆ ಹಾಕುತ್ತಿದ್ದವರ ಮಕ್ಕಳು ಹಾಸಿಗೆ ಮಡಿಸುವ, ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದ್ದರು.

ಆಮೇಲೆ ಬಂತು 1974. ತೈಲದ ಬೆಲೆ ಒಮ್ಮೆಲೇ ಏರಿದ್ದ ಕಾಲ. ರೈಟ್ಜ್ ಕಟ್ಟಿದ ಹೊರೈಜನ್ ಅದೇ ವರ್ಷದ ಆದಿಯಲ್ಲಿ ಕೋರ್ಟ್ ಲೈನ್ ಎಂಬ ದೊಡ್ಡ ಕಂಪನಿಯ ಹೊಟ್ಟೆ ಸೇರಿತ್ತು. ಆಗಸ್ಟ್ 15ರಂದು ಕೋರ್ಟ್ ಲೈನ್ ಬಾಗಿಲು ಹಾಕಿತು. ನಲವತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಪರದೇಶಗಳಲ್ಲಿ ಸಿಕ್ಕಿಬಿದ್ದರು. ಮುಂಗಡ ಕಟ್ಟಿ ರಜೆಗೆ ಕಾದಿದ್ದವರು ಇನ್ನೂ ಹೆಚ್ಚು. ಗದ್ದಲ ಪಾರ್ಲಿಮೆಂಟಿಗೆ ಮುಟ್ಟಿತು. 1975ರಲ್ಲಿ ಕಾನೂನು ಮಾಡಿ ಪ್ರವಾಸಿಗರ ರಕ್ಷಣೆಗೊಂದು ನಿಧಿಯನ್ನು ಸ್ಥಾಪಿಸಲಾಯಿತು. ಇಂದಿಗೂ ಬ್ರಿಟನ್ನಿನಲ್ಲಿ ಪ್ಯಾಕೇಜ್ ಪ್ರವಾಸ ಮಾರುವವರು ಅಟಾಲ್ ಎಂಬ ಲೈಸೆನ್ಸ್ ಪಡೆಯಬೇಕು. ತಲೆಗೆ ಎರಡೂವರೆ ಪೌಂಡಿನಂತೆ ನಿಧಿಗೆ ಕಟ್ಟಬೇಕು. ಕಂಪನಿ ಮುಳುಗಿದರೆ ಆ ಹಣದಿಂದ ಪ್ರವಾಸಿಗನನ್ನು ಮನೆಗೆ ತರುತ್ತಾರೆ, ಹೋಗದಿದ್ದವನಿಗೆ ಹಣ ವಾಪಸು ಕೊಡುತ್ತಾರೆ.

ಇಲ್ಲಿ ಒಂದು ಕ್ಷಣ ನಿಂತು ಗಮನಿಸಬೇಕು. ಅನುಮತಿಯ ಕಾಗದ ಮೊದಲು ಕಾಪಾಡಿದ್ದು ಸರ್ಕಾರಿ ವಿಮಾನ ಕಂಪನಿಯನ್ನು. ಏಟು ತಿಂದ ಮೇಲೆ ಕಾಪಾಡಿದ್ದು ಪ್ರವಾಸಿಗನನ್ನು. ಎರಡೂ ನ್ಯಾಯವೇ. ಆದರೆ ಈ ವ್ಯವಹಾರದಲ್ಲಿ ಮೂರನೆಯವನೊಬ್ಬನಿದ್ದಾನೆ. ವಿಮಾನ ಇಳಿಯುವ ಊರಿನಲ್ಲಿ ಚಪ್ಪರ ಹಾಕಿ ಕಾದವನು. ಅವನ ಹೆಸರು ಆ ಕಾಗದದಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಈ ಮೂರನೆಯವನನ್ನು ನೋಡಲು ಸ್ಪೇನಿಗೆ ಹೋಗಬೇಕಾಗಿಲ್ಲ. ಕಾರವಾರ ದಾಟಿ, ಮಾಜಾಳಿಯ ಗಡಿ ಕಳೆದರೆ ಸಾಕು. ಗೋವೆಗೆ ಮೊದಲ ಚಾರ್ಟರ್ ವಿಮಾನ ಬಂದದ್ದು 1985ರಲ್ಲಿ, ಜರ್ಮನಿಯಿಂದ, ಕಾಂಡೋರ್ ಕಂಪನಿಯದು. ಬಳಿಕ ಇಂಗ್ಲೆಂಡ್, ಫಿನ್ಲೆಂಡ್ ಮುಂತಾದ ಚಳಿದೇಶಗಳಿಂದಲೂ, ಇಪ್ಪತ್ತೊಂದನೆಯ ಶತಮಾನದಲ್ಲಿ ರಷ್ಯದಿಂದಲೂ ಬಂದವು. ಅಕ್ಟೋಬರಿನಲ್ಲಿ ಮಳೆ ಹಿಂದೆಗೆದೊಡನೆ ಆರಂಭ, ಬಿಸಿಲು ಬಲಿಯುವ ಹೊತ್ತಿಗೆ ಮುಕ್ತಾಯ. 2013–14ರ ಹಂಗಾಮಿನಲ್ಲಿ ಇಂಥ ವಿಮಾನಗಳ ಸಂಖ್ಯೆ ಸಾವಿರ ಮೀರಿತ್ತು. ಅವುಗಳಲ್ಲಿ ಬಂದವರು ಎರಡೂವರೆ ಲಕ್ಷದಷ್ಟು.

ಪ್ರತಿಯೊಂದು ವಿಮಾನವೂ ಇಳಿಯಲು ಎಷ್ಟು ಬಾಗಿಲು ತಟ್ಟಬೇಕೆಂಬುದು ಸಾಮಾನ್ಯರಿಗೆ ಅಂದಾಜಿರುವುದಿಲ್ಲ. ಚಾರ್ಟರ್ ಹಾರಾಟಕ್ಕೆ ಒಪ್ಪಿಗೆ ಕೊಡುವುದು ನಾಗರಿಕ ವಿಮಾನಯಾನದ ಮಹಾ ನಿರ್ದೇಶನಾಲಯ. ಬರುವವರ ವೀಸಾ ಗೃಹ ಮತ್ತು ವಿದೇಶಾಂಗ ಖಾತೆಗಳ ವಿಷಯ. ಗೋವೆಯ ದಾಬೋಲಿಂ ನಿಲ್ದಾಣವಂತೂ ನೌಕಾಪಡೆಯ ಸ್ವತ್ತು. ಪೋರ್ಚುಗೀಸರು 1950ರ ದಶಕದಲ್ಲಿ ಕಟ್ಟಿದ ಈ ನಿಲ್ದಾಣ 1961ರ ಡಿಸೆಂಬರಿನ ವಿಮೋಚನೆಯ ನಂತರ ನೌಕಾಪಡೆಯ ಕೈಸೇರಿತು. ಪಡೆಯ ವಿಮಾನಗಳ ತರಬೇತಿಗಾಗಿ ವಾರದ ದಿನಗಳಲ್ಲಿ ಬೆಳಗಿನ ಕೆಲವು ತಾಸು ನಾಗರಿಕ ವಿಮಾನಗಳಿಗೆ ಅಲ್ಲಿ ಅವಕಾಶವಿರಲಿಲ್ಲ. ಉಳಿದ ಹೊತ್ತಿನಲ್ಲಿ ಎಲ್ಲರ ನೂಕುನುಗ್ಗಲು. ಹಾಗಾಗಿ ಒಬ್ಬರು ಒಪ್ಪಿದರೆ ಸಾಲದು, ಎಲ್ಲರೂ ಒಪ್ಪಬೇಕು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಹುಟ್ಟಿದ್ದು ವಿಮಾನಗಳ ಕಾಲಕ್ಕೂ ಮೊದಲು, ಅಷ್ಟೆ.

ಇದಲ್ಲದೆ ರೂಟ್ ಬಸ್ಸಿನ ಕಾಳಜಿ ಇಲ್ಲಿಯೂ ಇತ್ತು. ಚಾರ್ಟರ್ ವಿಮಾನ ಹಿಡಿದು ವಲಸಿಗ ಭಾರತೀಯರೆಲ್ಲ ಅಗ್ಗದಲ್ಲಿ ತವರಿಗೆ ಬಂದುಬಿಟ್ಟರೆ ಏರ್ ಇಂಡಿಯಾದ ಗತಿಯೇನು? ಅದಕ್ಕಾಗಿ ಬಹಳ ಕಾಲ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಈ ವಿಮಾನಗಳಲ್ಲಿ ಪ್ರವೇಶವೇ ಇರಲಿಲ್ಲ. ಅತ್ತ ಲಂಡನ್ನಿನಲ್ಲಿ ಮೇಷ್ಟ್ರುಗಳಿಗೆ ಮಾತ್ರ ಅವಕಾಶ, ಇತ್ತ ಭಾರತದಲ್ಲಿ ಭಾರತೀಯರನ್ನು ಬಿಟ್ಟು ಉಳಿದವರಿಗೆ ಅವಕಾಶ. ಷರತ್ತು ಬೇರೆ, ಭಯ ಒಂದೇ.

ಒಪ್ಪಿಗೆ ಸ್ವಲ್ಪ ತಡವಾದರೆ ಏನು ಮಹಾ ನಷ್ಟ ಎಂದು ಕೇಳಬಹುದು. ಅದನ್ನು ತಿಳಿಯಲು ಚಾರ್ಟರಿನ ಗಣಿತ ಗೊತ್ತಿರಬೇಕು. ಲೆಕ್ಕ ಸುಲಭವಾಗಲೆಂದು, ವಾರಕ್ಕೊಂದು ವಿಮಾನ, ಬಂದವರು ಒಂದು ವಾರ ಇರುತ್ತಾರೆ ಎಂದಿಟ್ಟುಕೊಳ್ಳಿ. ಮೊದಲನೆಯ ವಾರ ವಿಮಾನ ತುಂಬಿಕೊಂಡು ಬರುತ್ತದೆ. ವಾಪಸು ಕರೆದೊಯ್ಯಲು ಇನ್ನೂ ಯಾರೂ ಇಲ್ಲ, ಖಾಲಿ ಹೋಗುತ್ತದೆ. ಎರಡನೆಯ ವಾರದಿಂದ ಹೊಸಬರನ್ನು ಇಳಿಸಿ ಹಳಬರನ್ನು ಹತ್ತಿಸಿಕೊಳ್ಳುತ್ತದೆ. ಕೊನೆಯ ವಾರ ಖಾಲಿ ಬಂದು, ಉಳಿದವರನ್ನು ಕರೆದೊಯ್ಯುತ್ತದೆ. ಅಂದರೆ ಹಂಗಾಮು ಎಷ್ಟೇ ಉದ್ದವಿರಲಿ, ಖಾಲಿ ಹಾರಾಟ ಎರಡೇ. 25 ತಂಡಗಳು ಬಂದರೆ ಒಟ್ಟು 52 ಹಾರಾಟಗಳಲ್ಲಿ ಎರಡು ಖಾಲಿ. ಐದೇ ತಂಡ ಬಂದರೆ 12 ಹಾರಾಟಗಳಲ್ಲಿ ಎರಡು ಖಾಲಿ, ಆರರಲ್ಲೊಂದು ಪಾಲು ಶುದ್ಧ ನಷ್ಟ. ಆ ನಷ್ಟ ಟಿಕೆಟ್ಟಿನ ಮೇಲೆ ಏರುತ್ತದೆ, ಟಿಕೆಟ್ ಏರಿದರೆ ಪ್ರವಾಸಿ ಬೇರೆ ಕಡಲು ಹುಡುಕುತ್ತಾನೆ. ಕಂಪನಿಗಳು ಪ್ರವಾಸದ ಕೈಪಿಡಿಯನ್ನು ತಿಂಗಳುಗಳ ಮೊದಲೇ ಅಚ್ಚುಹಾಕಿ ಮಾರಾಟ ಆರಂಭಿಸಿರುತ್ತವೆ. ಹಂಗಾಮಿನ ಮುನ್ನಾದಿನದವರೆಗೆ ಕಾಗದ ಮೇಜಿನ ಮೇಲೆ ಕುಳಿತರೆ ಅವು ವಿಮಾನವನ್ನು ಟರ್ಕಿಗೋ ಈಜಿಪ್ಟಿಗೋ ತಿರುಗಿಸುತ್ತವೆ. ವಿಮಾನಕ್ಕೆ ರೆಕ್ಕೆ ಇದೆ, ತಿರುಗುತ್ತದೆ. ಹೋಟೆಲಿಗೆ ಇಲ್ಲ.

ಹೋಟೆಲಿಗೆ ಮಾತ್ರವೇ? ಗೋವೆಯ ಮರಳಿನ ಮೇಲೆ ಹಂಗಾಮಿಗೆಂದೇ ಎದ್ದು ನಿಲ್ಲುವ ಶ್ಯಾಕುಗಳಿವೆ. ಬಿದಿರು, ತೆಂಗಿನ ಗರಿ, ಮರದ ಹಲಗೆಗಳ ಈ ಊಟದ ಚಪ್ಪರಗಳಿಗೂ ಸರ್ಕಾರದ ಹಂಗಾಮಿ ಲೈಸೆನ್ಸೇ. ಮೇ ಕೊನೆಗೆ ಕಿತ್ತು ಮರಳನ್ನು ಬರಿದು ಮಾಡಿಕೊಡಬೇಕು. ಶ್ಯಾಕಿನವನು ಶುಲ್ಕ ಕಟ್ಟಿ, ಸಾಲ ಮಾಡಿ ಚಪ್ಪರ ಎತ್ತುವುದು ಚಾರ್ಟರ್ ಬರುತ್ತದೆಂಬ ಭರವಸೆಯ ಮೇಲೆ. ಟ್ಯಾಕ್ಸಿಯವನು ಬ್ಯಾಂಕಿನ ಕಂತು ಕಟ್ಟುವುದೂ ಅದೇ ಭರವಸೆಯ ಮೇಲೆ. ಮೀನು ತರುವ ಹೆಂಗಸು, ಬಟ್ಟೆ ಒಗೆಯುವವನು, ಕೋಣೆ ಬಾಡಿಗೆಗೆ ಕೊಡುವ ಮುದುಕಿ, ಎಲ್ಲರ ವರ್ಷದ ಅನ್ನ ಆ ಐದಾರು ತಿಂಗಳಲ್ಲಿ ಬೇಯಬೇಕು. ಗಾಳಿ ಬಂದಾಗ ತೂರಿಕೊಳ್ಳುವುದು ಎನ್ನುತ್ತಾರಲ್ಲ, ಅದೇ ಅವರ ಬದುಕು. ಗಾಳಿ ಬೀಸುವ ದಿನ ಮಾತ್ರ ದೆಹಲಿಯಲ್ಲಿ, ಲಂಡನ್ನಿನಲ್ಲಿ, ಮಾಸ್ಕೋದಲ್ಲಿ ನಿರ್ಧಾರವಾಗುತ್ತದೆ.

ಇವರಲ್ಲಿ ಕನ್ನಡದವರ ಪಾಲು ಕಡಿಮೆಯದಲ್ಲ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಜಲಪಾತದ ಮಗ್ಗುಲಲ್ಲಿ ಘಟ್ಟವಿಳಿದು ವಾಸ್ಕೋ ಮುಟ್ಟುವ ರೈಲಿನಲ್ಲಿ ಉತ್ತರ ಕರ್ನಾಟಕದ ಮಂದಿ ತಲೆಮಾರುಗಳಿಂದ ಗುಳೆ ಹೋಗುತ್ತಿದ್ದಾರೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆಯವರು. ಗಂಡಸರು ಹೋಟೆಲು ಕಟ್ಟುವ ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ. ಅಂಜುಣ, ಬಾಗಾ, ಕಲಂಗುಟ್ ಕಡಲಂಚಿನಲ್ಲಿ ಕನ್ನಡಿ ಚೂರು ಪೋಣಿಸಿದ ಕಸೂತಿ ಬಟ್ಟೆ, ಮಣಿಸರ, ಕಾಲುಂಗುರ ಮಾರುವ ಲಂಬಾಣಿ ಹೆಂಗಸರು ಮಳೆಗಾಲ ಬಂದರೆ ತಾಂಡಾಕ್ಕೆ ಮರಳುವವರು, ಚಳಿ ಬಿದ್ದರೆ ಕಡಲಿಗೆ ಇಳಿಯುವವರು. ಊರಲ್ಲಿ ಮಳೆ ಕೈಕೊಟ್ಟಿತೆಂದು ಗೋವೆಗೆ ಬಂದರೆ, ಗೋವೆಯಲ್ಲಿ ವಿಮಾನ ಕೈಕೊಟ್ಟಿತು ಎಂದು ಊರಿಗೆ ಮರಳಬೇಕಾದ ವರ್ಷಗಳೂ ಇವರಿಗಿವೆ. ಒಣಬೇಸಾಯದ ರೈತ ಆಕಾಶ ನೋಡುತ್ತಾನೆ ಮೋಡಕ್ಕಾಗಿ. ಕಡಲಂಚಿನಲ್ಲಿ ಅವನ ಹೆಂಡತಿ ನೋಡುತ್ತಾಳೆ ವಿಮಾನಕ್ಕಾಗಿ.

ಅಂಥ ವರ್ಷಗಳು ಇತ್ತೀಚೆಗೆ ಒಂದರ ಮೇಲೊಂದು ಬಂದವು. 2014ರ ಕೊನೆಗೆ ರಷ್ಯದ ರೂಬಲ್ ಕುಸಿಯಿತು. ಮಾಸ್ಕೋದಲ್ಲಿ ಹಣದ ಬೆಲೆ ಇಳಿದದ್ದಕ್ಕೆ ಮೋರ್ಜಿಯ ಶ್ಯಾಕುಗಳಲ್ಲಿ ಕುರ್ಚಿ ಖಾಲಿ ಬಿದ್ದವು. 2017ರ ಅಕ್ಟೋಬರ್ 2ರಂದು ಬ್ರಿಟನ್ನಿನ ಮೊನಾರ್ಕ್ ವಿಮಾನ ಕಂಪನಿ ಮುಚ್ಚಿತು. 2019ರ ಸೆಪ್ಟೆಂಬರ್ 23ರಂದು, ಹಂಗಾಮು ಆರಂಭವಾಗಲು ಕೆಲವೇ ವಾರಗಳಿರುವಾಗ, 178 ವರ್ಷದ ಇತಿಹಾಸವಿದ್ದ ಬ್ರಿಟನ್ನಿನ ಥಾಮಸ್ ಕುಕ್ ಮುಳುಗಿತು. ಗೋವೆಗೆ ಇಂಗ್ಲೆಂಡಿನಿಂದ ಚಾರ್ಟರ್ ತರುತ್ತಿದ್ದ ಮುಖ್ಯ ಕಂಪನಿಗಳಲ್ಲಿ ಅದೊಂದು. (ಭಾರತದಲ್ಲಿ ಅದೇ ಹೆಸರಿನಲ್ಲಿರುವ ಕಂಪನಿ 2012ರಿಂದಲೇ ಬೇರೆಯವರ ಒಡೆತನದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಪರದೇಶಗಳಲ್ಲಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ಅಲ್ಲಿನ ಸರ್ಕಾರ ವಿಮಾನಗಳನ್ನು ಗೊತ್ತುಮಾಡಿ ಎರಡು ವಾರಗಳಲ್ಲಿ ಮನೆಗೆ ಮುಟ್ಟಿಸಿತು. ಯುದ್ಧವಿಲ್ಲದ ಕಾಲದಲ್ಲಿ ಬ್ರಿಟನ್ ಅಷ್ಟು ಜನರನ್ನು ಹಾಗೆ ಕರೆತಂದದ್ದು ಅದೇ ಮೊದಲು.

ಎರಡೂವರೆ ಪೌಂಡಿನ ನಿಧಿ ತನ್ನ ಕೆಲಸ ಮಾಡಿತು. ಆದರೆ ಹೋಟೆಲಿನವರ ಬಾಕಿ? ಕಂಪನಿಗಳು ಪ್ರವಾಸಿಗರಿಂದ ಹಣವನ್ನು ಮೊದಲೇ ಪಡೆದು, ಹೋಟೆಲಿನವರಿಗೆ ಕೊಡುವುದು ಪ್ರವಾಸ ಮುಗಿದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಇದು ಈ ವ್ಯಾಪಾರದ ರೂಢಿ. ಥಾಮಸ್ ಕುಕ್ ಬೀಳುವ ಹಿಂದಿನ ದಿನಗಳಲ್ಲಿ ಟ್ಯುನಿಷಿಯದ ಹಮ್ಮಾಮೆತ್ ಎಂಬ ಊರಿನ ಹೋಟೆಲೊಂದು ತನ್ನ ಬಾಕಿ ಬರಲಾರದೆಂಬ ಭಯದಲ್ಲಿ ಗೇಟು ಹಾಕಿ ಪ್ರವಾಸಿಗರನ್ನು ಹೊರಬಿಡದೆ ನಿಲ್ಲಿಸಿದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಮಾಡಿದ್ದು ತಪ್ಪು, ಸಂದೇಹವಿಲ್ಲ. ಆದರೆ ಗೇಟು ಹಾಕುವುದನ್ನು ಬಿಟ್ಟು ಬೇರೆ ಯಾವ ಕಾಗದವೂ ಅವರ ಕೈಯಲ್ಲಿರಲಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಮಾತು ಟ್ಯುನಿಷಿಯದ ಅರಬ್ಬಿಯಲ್ಲಿಯೂ ಇದ್ದೇ ಇರಬೇಕು.

2020ರಲ್ಲಿ ಕೋವಿಡ್ ಬಂತು, ಆಕಾಶವೇ ಮುಚ್ಚಿತು. ಮತ್ತೆ ತೆರೆಯುವಾಗ ಕೇಂದ್ರ ಗೃಹ ಇಲಾಖೆ ಮಾಡಿದ ಒಂದು ತೀರ್ಮಾನ ಗಮನಾರ್ಹ. 2021ರ ಅಕ್ಟೋಬರ್ 15ರಿಂದ ಚಾರ್ಟರ್ ವಿಮಾನಗಳಲ್ಲಿ ಬರುವ ವಿದೇಶಿ ಪ್ರವಾಸಿಗರಿಗೆ ವೀಸಾ. ಉಳಿದ ವಿಮಾನಗಳಲ್ಲಿ ಬರುವವರಿಗೆ ನವೆಂಬರ್ 15ರಿಂದ. ಒಂದು ತಿಂಗಳ ಮಟ್ಟಿಗಾದರೂ ದಿಬ್ಬಣದ ಬಸ್ಸಿಗೆ ರೂಟ್ ಬಸ್ಸಿಗಿಂತ ಮೊದಲ ಮರ್ಯಾದೆ ಸಿಕ್ಕಿತು. ಮರುವರ್ಷವೇ ಉಕ್ರೇನಿನ ಯುದ್ಧ. ನಿರ್ಬಂಧಗಳ ಬಿಸಿಗೆ ರಷ್ಯದ ವಿಮಾನಗಳು ನಿಂತವು. ಅವು ಪುನಃ ಬರತೊಡಗಿದ ಮೇಲೆ, 2023ರ ಜನವರಿಯಲ್ಲಿ ಮಾಸ್ಕೋದಿಂದ ಗೋವೆಗೆ ಹೊರಟ ವಿಮಾನವೊಂದನ್ನು ಬಾಂಬಿನ ಹುಸಿ ಬೆದರಿಕೆಯಿಂದಾಗಿ ಜಾಮನಗರದಲ್ಲಿ ಇಳಿಸಬೇಕಾಯಿತು. ಅದೇ ತಿಂಗಳು ಉತ್ತರ ಗೋವೆಯ ಮೋಪಾದಲ್ಲಿ ಎರಡನೆಯ ನಿಲ್ದಾಣ ಸಂಚಾರಕ್ಕೆ ತೆರೆಯಿತು. ಬೆಳಗಿನ ನೌಕಾ ತರಬೇತಿಯ ಅಡ್ಡಿ ಅಲ್ಲಿಲ್ಲ. ಆದರೆ ವಿಮಾನ ಉತ್ತರಕ್ಕೆ ಹೋದರೆ ದಕ್ಷಿಣ ಗೋವೆಯ ಟ್ಯಾಕ್ಸಿಯವರ ಗಿರಾಕಿಯೂ ಉತ್ತರಕ್ಕೆ ಹೋದಂತೆಯೇ. ಅನುಮತಿಯ ಕಾಗದದಲ್ಲಿ ನಿಲ್ದಾಣದ ಹೆಸರೊಂದು ಬದಲಾದರೆ ಎಷ್ಟು ಮನೆಗಳ ಲೆಕ್ಕ ಬದಲಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಗೋವೆಗೆ ಇನ್ನೂ ಒಂದು ಆಸರೆಯಿದೆ. ಅಲ್ಲಿಗೆ ಬರುವವರಲ್ಲಿ ದೊಡ್ಡ ಪಾಲು ದೇಶದೊಳಗಿನವರೇ. ಅಂಥ ಆಸರೆಯೂ ಇಲ್ಲದ ನಾಡುಗಳ ಪಾಡು ಕಠಿಣ. ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ನಮ್ಮ ಒಂದೆರಡು ಜಿಲ್ಲೆಗಳಷ್ಟು ವಿಸ್ತಾರದ ದೇಶ. ನೆಲಗಡಲೆ ಬಿಟ್ಟರೆ ಮುಖ್ಯ ಆದಾಯ ಯುರೋಪಿನಿಂದ ಚಳಿಗಾಲದಲ್ಲಿ ಬರುವ ಪ್ರವಾಸಿಗರದು. ಸ್ವೀಡನ್ನಿನವರು 1965ರಲ್ಲಿ ಹಾಕಿಕೊಟ್ಟ ದಾರಿ ಅದು. 2014ರಲ್ಲಿ ನೆರೆಯ ದೇಶಗಳಲ್ಲಿ ಎಬೋಲಾ ಹಬ್ಬಿತು. ಗ್ಯಾಂಬಿಯಾದಲ್ಲಿ ಒಬ್ಬನಿಗೂ ಆ ಕಾಯಿಲೆ ತಗುಲಲಿಲ್ಲ. ಆದರೂ ಪ್ರವಾಸಿಗರು ಬರಲಿಲ್ಲ. 2017ರ ಜನವರಿಯಲ್ಲಿ ಚುನಾವಣೆ ಸೋತ ಅಧ್ಯಕ್ಷ ಕುರ್ಚಿ ಬಿಡಲೊಲ್ಲೆನೆಂದಾಗ ಹಂಗಾಮಿನ ನಡುವೆಯೇ ಪ್ರವಾಸಿಗರನ್ನು ವಿಮಾನ ತಂದು ಎತ್ತಿಕೊಂಡು ಹೋದರು. ಎರಡು ವರ್ಷ ಕಳೆದು ಥಾಮಸ್ ಕುಕ್ ಬಿತ್ತು. ಮೂರರಲ್ಲಿ ಒಂದಾದರೂ ಅಲ್ಲಿನ ಹೋಟೆಲಿನ ಮಾಣಿಯ ತಪ್ಪಿನಿಂದ ಆದದ್ದಲ್ಲ.

ಹಾಗಾದರೆ ಇಂಥ ವಿಮಾನಗಳೇ ಬೇಡ ಎನ್ನೋಣವೇ? ಹಾಗೆಂದವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 1980ರ ದಶಕದ ಕೊನೆಯಲ್ಲಿ ‘ಜಾಗೃತ ಗೋಂಯಕಾರಾಂಚಿ ಫೌಜ್’ ಎಂಬ ಸಂಘಟನೆ ಚಾರ್ಟರ್ ಪ್ರವಾಸವನ್ನು ಬಹಿರಂಗವಾಗಿ ವಿರೋಧಿಸಿತು. ಊರ ಬಾವಿ ಬತ್ತುವಾಗ ಪಂಚತಾರಾ ಹೋಟೆಲಿನ ಹುಲ್ಲುಹಾಸಿಗೆ ನೀರು ಎಲ್ಲಿಂದ ಬರುತ್ತದೆ, ಬೆಸ್ತರ ದೋಣಿ ಎಳೆಯುವ ಮರಳಿಗೆ ಬೇಲಿ ಯಾಕೆ ಬೀಳುತ್ತದೆ ಎಂಬ ಅವರ ಪ್ರಶ್ನೆಗಳಿಗೆ ಇಂದಿಗೂ ಪೂರ್ಣ ಉತ್ತರ ಸಿಕ್ಕಿಲ್ಲ. ಆದರೆ ಗುಳೆ ಬಂದವನ ಮಟ್ಟಿಗೆ ಬೇಡ ಎನ್ನುವುದೂ ಉತ್ತರವಲ್ಲ. ಬಂದ ವಿಮಾನ ಅವನಿಗೆ ಅರ್ಧ ಹೊಟ್ಟೆ ಕೊಟ್ಟಿದೆ. ಬಾರದ ವಿಮಾನ ಅದನ್ನೂ ಕೊಟ್ಟಿಲ್ಲ.

ಬೇಕಾಗಿರುವುದು ಅನುಮತಿಯ ಕಾಗದಕ್ಕೆ ಇನ್ನೂ ಕೆಲವು ಸಾಲು ಸೇರಿಸುವ ಮನಸ್ಸು. ಮೊದಲನೆಯದು, ಹೌದೋ ಅಲ್ಲವೋ ಎಂಬ ಮಾತು ಹಂಗಾಮಿಗೆ ಆರು ತಿಂಗಳು ಮುಂಚೆಯೇ ಗೊತ್ತಾಗಬೇಕು. ಜಗತ್ತಿನ ವಿಮಾನ ವೇಳಾಪಟ್ಟಿ ವರ್ಷಕ್ಕೆ ಎರಡೇ ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದಂದು ಬದಲಾಗುತ್ತದೆ. ಪಂಚಾಂಗದಲ್ಲಿ ಸಂಕ್ರಾಂತಿ ಇದ್ದಂತೆ ಅದು ನಿಶ್ಚಿತ. ಅಷ್ಟು ನಿಶ್ಚಿತವಾದ ದಿನಕ್ಕೆ ನಾಲ್ಕು ಇಲಾಖೆಗಳು ಒಂದೇ ಮೇಜಿನಲ್ಲಿ ಕುಳಿತು ಮೊದಲೇ ಉತ್ತರ ಕೊಡುವುದು ಅಸಾಧ್ಯದ ಮಾತಲ್ಲ. ಎರಡನೆಯದು, ಹಂಗಾಮಿನ ನಡುವೆ ವಿಮಾನ ನಿಲ್ಲಿಸುವ ಕಂಪನಿ ಇಂತಿಷ್ಟು ದಿನ ಮೊದಲು ತಿಳಿಸಬೇಕೆಂಬ ಷರತ್ತು. ಮೂರನೆಯದು, ಪ್ರವಾಸಿಗನಿಗಾಗಿ ಎರಡೂವರೆ ಪೌಂಡು ಎತ್ತಿಡುವ ಕಂಪನಿಯಿಂದಲೇ, ಇಳಿಯುವ ಊರಿನ ಬಾಕಿಗೂ ಒಂದು ಜಾಮೀನು. ಸಣ್ಣ ಹೋಟೆಲು, ಟ್ಯಾಕ್ಸಿ, ಶ್ಯಾಕುಗಳ ಬಿಲ್ಲು ಆ ಜಾಮೀನಿನಿಂದ ಚುಕ್ತಾ ಆಗಬೇಕು. ಷಿಕಾಗೋ ಒಪ್ಪಂದದ ಐದನೆಯ ವಿಧಿ ಷರತ್ತು ಹಾಕುವ ಹಕ್ಕನ್ನು ಕೊಟ್ಟೇ ಇದೆ. ಮೇಷ್ಟ್ರುಗಳು ಮಾತ್ರ ಹತ್ತಬೇಕು ಎಂಬ ಷರತ್ತನ್ನು ಹಾಕಲು ಬಂದಿತ್ತಾದರೆ, ಇಳಿದ ಊರಿನ ಸಾಲ ತೀರಿಸಿ ಹೋಗಬೇಕು ಎಂಬುದನ್ನು ಹಾಕಲು ಬಾರದೇ?

ಷರತ್ತು ಹೆಚ್ಚಾದರೆ ವಿಮಾನ ಬೇರೆ ಊರಿಗೆ ಹಾರುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಗೋವೆಯೊಂದೇ ಷರತ್ತು ಹಾಕಿದರೆ ಶ್ರೀಲಂಕಾ ಬಾ ಎನ್ನುತ್ತದೆ, ಶ್ರೀಲಂಕಾ ಹಾಕಿದರೆ ಈಜಿಪ್ಟ್ ಬಾ ಎನ್ನುತ್ತದೆ. ಹಾಗೆಂದೇ ಈ ಮಾತನ್ನು ಆಡಬೇಕಾದದ್ದು ಒಬ್ಬೊಬ್ಬರಾಗಿ ಅಲ್ಲ, ಇಳಿಯುವ ಊರುಗಳೆಲ್ಲ ಕೂಡಿ. ಬ್ರಿಟನ್ನಿನ ಪ್ರವಾಸಿಗನಿಗೆ ರಕ್ಷಣೆ ಸಿಕ್ಕಿದ್ದು ಕಂಪನಿಗಳ ಔದಾರ್ಯದಿಂದಲ್ಲ. ಆತನಿಗೆ ಓಟಿತ್ತು, ಆತನ ಗದ್ದಲ ಪಾರ್ಲಿಮೆಂಟಿಗೆ ಕೇಳಿಸಿತು. ಕಡಲಂಚಿನಲ್ಲಿ ಮಣಿಸರ ಮಾರುವವಳ ಓಟು ಗದಗ ಜಿಲ್ಲೆಯಲ್ಲಿದೆ, ದುಡಿಮೆ ಗೋವೆಯಲ್ಲಿದೆ, ಗಿರಾಕಿ ಮ್ಯಾಂಚೆಸ್ಟರಿನಲ್ಲಿದ್ದಾನೆ. ಮೂರು ಕಡೆಯೂ ಅವಳ ಪರವಾಗಿ ಅರ್ಜಿ ಬರೆಯುವವರಿಲ್ಲ.

ಮುಂದಿನ ಸಲ ಪತ್ರಿಕೆಯ ಒಳಪುಟದಲ್ಲಿ ‘ಹಂಗಾಮಿನ ವಿಮಾನಗಳಿಗೆ ಸರ್ಕಾರದ ಒಪ್ಪಿಗೆ’ ಎಂಬ ನಾಲ್ಕು ಸಾಲು ಕಂಡರೆ ಎಷ್ಟು ವಿಮಾನ, ಎಷ್ಟು ಸೀಟು ಎಂಬುದರ ಜೊತೆಗೆ ಇನ್ನೊಂದನ್ನೂ ಹುಡುಕಿ ನೋಡಿ. ಬಾರದೇ ಹೋದರೆ ಯಾರು ಜವಾಬು ಎಂಬ ಐದನೆಯ ಸಾಲು ಅಲ್ಲಿರಬೇಕಿತ್ತು.